ತುಂಬದ ಗುಳಿ

ಮಸ್ಕಿ ಸಂತಿಗೆ ಬರೋ ಮಂದ್ಯಾಗ ಕಾಯಿಪಲ್ಲೆಗೆ ಬಂದವರು ಎಷ್ಟೋ, ಅಮರಗುಂಡಪ್ಪನ ಮುಂದ ಕಾಲು ಚಾಚಾಕ ಬಂದವರೂ ಅಷ್ಟೇ. ಬೇರು-ನಾರು ಮಾರೋ ಅಜ್ಜನ ಕಾಲದ ಗ್ರಂಧಿಗಿ ಅಂಗಡಿ, ಅದರ ಹಿಂದ ಮನಿ, ನಡುವ ಒಂದು ಕಟ್ಟಿ. ಸಂತಿ ದಿನ ಆ ಕಟ್ಟಿ ಮ್ಯಾಲೆ ಕುಂತು ಮೂತ್ರದ ಹರಳಿಗೆ ಔಷಧ ಕೊಡತಿದ್ದ. ರೊಕ್ಕ ಮುಟ್ಟತಿದ್ದಿಲ್ಲ. ನೆಗ್ಗಿಲಮುಳ್ಳು, ಕೊಮ್ಮಿಬೇರು ಕುದಿಸಿದ ಕಷಾಯ, ಅದರೊಳಗ ಬಾಳಿದಿಂಡಿನ ರಸ. ಅಜ್ಜ ಕಲಿಸಿದ್ದು ಅಷ್ಟೇ. ಕಲಿಸೋ ಮುಂದ ಒಂದು ಕಟ್ಟಳಿನೂ ಹಾಕಿದ್ದ. ಔಷಧಕ್ಕಿಂತ ಮೊದಲು ಮೊಣಕಾಲ ಕೆಳಗಿನ ಎಲುಬಿನ ಮ್ಯಾಲೆ ಹೆಬ್ಬೆಟ್ಟಿಟ್ಟು ಒತ್ತಬೇಕು. ಬೆರಳು ತಗದ ಮ್ಯಾಲೆ ಗುಳಿ ತುಂಬಿಕೊಂಡ್ರ ಕೊಡಬೇಕು. ತುಂಬಲಿಲ್ಲಂದ್ರ ಕೈಮುಗುದು ಕಳಿಸಬೇಕು.

ಅಮರಗುಂಡಪ್ಪ ಅದನ್ನ ಒಂದು ದಿನಾನೂ ಮುರಿದವನಲ್ಲ. ಜವಳಗೇರಾದ ಹುಸೇನಪ್ಪ ನಡ ಹಿಡ್ಕೊಂಡು ಒದ್ದಾಡಿಕೋತ ಬಂದಿದ್ದ, ಹರಳು ಬಿದ್ದ ಮ್ಯಾಲೆ ಅದನ್ನ ಕಾಗದದಾಗ ಕಟ್ಟಿ ತಂದು ತೋರಿಸಿ ನಕ್ಕೋತ ಹೋದ. ಸಣ್ಣ ಹರಳಾಗಿದ್ರ ಖಾಲಿ ನೀರು ಕುಡುದ್ರೂ ಬೀಳತಿತ್ತು ಅಂತ ಅಮರಗುಂಡಪ್ಪನೇ ಹೇಳತಿದ್ದ. ಯಾರು ಕೇಳತಾರ ಹೇಳ್ರಿ. ಮಂದಿಗೆ ಔಷಧ ಬೇಕು.

ಆ ವರ್ಷ ಬ್ಯಾಸಿಗ್ಯಾಗ ಸಾಲಗುಂದದ ಮಾರೆಮ್ಮ ಬಂದಳು. ಮಾರಿ ಬಾತಿತ್ತು, ಉಚ್ಚಿ ನೊರಿ ನೊರಿ ಹೋಗತೈತಿ ಅಂದಳು. ಅಮರಗುಂಡಪ್ಪ ಕಾಲು ಒತ್ತಿದ. ಗುಳಿ ಹಂಗೇ ನಿಂತಿತು.

"ತಾಯಿ, ಇದಕ್ಕ ನನ್ನ ಹತ್ರ ಔಷಧ ಇಲ್ಲ. ಇವತ್ತ ಸಿಂಧನೂರ ದವಾಖಾನಿಗೆ ಹೋಗಿ ರಕ್ತ ತಪಾಸು ಮಾಡಿಸ್ರಿ," ಅಂದ.

ಮಾರೆಮ್ಮನ ಮಗ ಸಿಟ್ಟಾದ. "ಹುಸೇನಪ್ಪಗ ಕೊಟ್ಟೀರಿ. ಅದೂ ಕಿಡ್ನೀನೇ, ಇದೂ ಕಿಡ್ನೀನೇ."

"ಕಾಲುವಿ ತೂಬಿನಾಗ ಕಲ್ಲು ಸಿಕ್ಕಿತಂದ್ರ ಮ್ಯಾಲಿಂದ ನೀರು ಜೋರು ಬಿಟ್ಟು ದೂಡತೀವಿಲ್ಲೋ, ಅದು ಹುಸೇನಪ್ಪಂದು. ನಿಮ್ಮವ್ವಂದು ತೂಬೇ ಕುಸದೈತಿ. ಈಗ ನೀರು ಬಿಟ್ರ ಹೊಲ ಮುಳುಗತೈತಪ್ಪ. ನನ್ನ ಕಷಾಯ ಆಕಿಗೆ ವಿಷ."

ಕಟ್ಟಿ ಹಿಂದಿನ ಬಾಗಿಲ ಪರದಿ ಆಚಿ ಅಮರಗುಂಡಪ್ಪನ ಹೆಂಡತಿ ಕಲ್ಯಾಣಮ್ಮ ಕಷಾಯ ತಿರುವಿಕೋತ ಎಲ್ಲಾ ಕೇಳಿಸಿಕೊಂಡಳು. ಲಗ್ನ ಆಗಿ ಬಂದಾಗಿನಿಂದ ಔಷಧ ಕುದಿಸಾಕಿ ಆಕಿನೇ. ನಾಗರಪಂಚಮಿ ಮುಂದ ಸುದ್ದಿ ಬಂತು. ಮಾರೆಮ್ಮ ದವಾಖಾನಿಗೆ ಹೋಗಿದ್ದಿಲ್ಲ, ಇನ್ನೊಂದೂರಾಗ ಯಾವನೋ ಕೊಟ್ಟ ಬೇರು ಕುಡುದು ತೀರಿಕೊಂಡಿದ್ದಳು. ಅವತ್ತ ಕಲ್ಯಾಣಮ್ಮ ಉಣ್ಣಲಿಲ್ಲ. ಪಾಪ, ಮನಸಿಗೆ ಹಚ್ಕೊಂಡಾಳ ಅಂತ ಅಮರಗುಂಡಪ್ಪ ಸುಮ್ಮನಾದ.

ಅಲ್ಲಿಂದ ಆಕಿ ತುತ್ತು ಕಡಿಮಿ ಆಗಾಕತ್ತಿತು. ಬಾಯಾಗ ಕಬ್ಬಿಣ ಇಟ್ಕೊಂಡಂಗ ಆಗೈತಿ ಅಂತಿದ್ದಳು. ಮುಂಜಾನಿ ಕಣ್ಣಿನ ಸುತ್ತ ಬಾವು. ನಿದ್ದಿ ಇಲ್ರಿ ಅಂತಿದ್ದಳು. ಕೈ ಕೆರಕೊಂಡು ಕೆರಕೊಂಡು ಗೀರು ಬಿದ್ದಿದ್ದವು. ಚಪ್ಪಲಿ ಮೆಟ್ಟೋದು ಬಿಟ್ಟಳು, ಸೀರಿ ನೆಲಕ್ಕ ತಾಗೋ ಹಂಗ ಇಳಿಬಿಟ್ಟು ಉಡಾಕತ್ತಳು. ಊರ ಮಂದಿ ಕಾಲೆಲ್ಲಾ ನೋಡೋ ಮನುಷ್ಯ, ಮನ್ಯಾಗ ಓಡಾಡೋ ಕಾಲು ನೋಡಲಿಲ್ಲ. ಸಿಟ್ಟು ಬರತೈತಿ ನನಗ. ಆದ್ರ ಅವನೊಬ್ಬನದೇ ತಪ್ಪು ಅನ್ನಾಕ ಬರಂಗಿಲ್ಲ.

ಲಗ್ನದ ಹೊಸದಾಗಿ ಹೊಲದಾಗ ಕಲ್ಯಾಣಮ್ಮನ ಅಂಗಾಲಿಗೆ ಜಾಲಿಮುಳ್ಳು ಮುರದಿತ್ತು. ಅಮರಗುಂಡಪ್ಪ ಬಗ್ಗಿ ಆಕಿ ಕಾಲು ತೊಡಿ ಮ್ಯಾಲೆ ಇಟ್ಕೊಂಡು ಕಿತ್ತು ಒಗದ. ಅವನ ಅವ್ವ ನೋಡಿಬಿಟ್ಟಳು. "ಗಂಡನ ಕೈಲಿ ಕಾಲು ಮುಟ್ಟಿಸ್ಕೋತೀ ಏನ ಬೇ, ಅವನ ಆಯುಷ್ಯ ತಿನ್ನಾಕಿ," ಅಂತ ಬೈದಳು. ಕಲ್ಯಾಣಮ್ಮ ಅವತ್ತೇ ಗಂಡನ ಕಾಲಿಗೆ ಬಿದ್ದು, ಇನ್ನ ನನ್ನ ಕಾಲು ಮುಟ್ಟಬ್ಯಾಡ್ರಿ ಅಂತ ಆಣಿ ತಗೊಂಡಳು. ಅತ್ತಿ ಸತ್ತು ಎಷ್ಟೋ ವರ್ಷಾತು, ಆಣಿ ಸಾಯಲಿಲ್ಲ.

ದೀಪಾವಳಿಗೆ ಲಿಂಗಸುಗೂರಿನಿಂದ ಮಗಳು ಶಿವಗಂಗಾ ಬಂದಳು. ನೀರು ತುಂಬೋ ಹಬ್ಬದ ಮರುದಿನ ಮುಂಜಾನಿ ಅವ್ವಗ ಎಣ್ಣಿ ಹಚ್ಚಾಕ ಕುಂತಳು. ಕಲ್ಯಾಣಮ್ಮ ಬ್ಯಾಡ ಬ್ಯಾಡ ಅಂದ್ರೂ ಬಿಡದ ಸೀರಿ ಸರಿಸಿದಳು. ಕಾಲುಂಗುರ ಮಾಂಸದಾಗ ಹುಗದುಹೋಗಿದ್ದವು. ಎಣ್ಣಿ ತಿಕ್ಕಿದ ಕಡಿ ಬೆರಳಿನ ಗುರುತು ಬಿದ್ದು ಹಂಗೇ ಉಳದವು.

ಶಿವಗಂಗಾ ಎಣ್ಣಿ ಕೈಲೇ ಅಂಗಡಿಗೆ ಬಂದಳು. "ಅಪ್ಪಾ, ಅವ್ವನ ಕಾಲು ನೋಡೀಯೇನು?"

"ನೋಡಗೊಡತಾಳ ಏನವ್ವ?"

"ನೋಡು ಬಾ."

ಅಮರಗುಂಡಪ್ಪ ಗಿರಾಕಿ ಬಿಟ್ಟು ಒಳಗ ಬಂದ. ಕಲ್ಯಾಣಮ್ಮ ಮಂಚದ ಮ್ಯಾಲೆ ಕಾಲು ಮಡಚಿಕೊಂಡು, ಸೆರಗು ಮುಚ್ಚಿಕೊಂಡು ಕುಂತಿದ್ದಳು. ಅವನು ಮುಂದ ನೆಲದ ಮ್ಯಾಲೆ ಕುಂತ. ಊರಿಗೆಲ್ಲಾ ಕುಂಡ್ರೋ ಹಂಗ.

"ಬ್ಯಾಡ್ರಿ," ಅಂದಳು. "ನನಗ ಪಾಪ ಹತ್ತತೈತಿ."

"ಹತ್ತಲಿ, ಅರ್ಧ ನನಗ ಕೊಡು," ಅಂದು ಕಾಲು ಎಳಕೊಂಡ. ಹೆಬ್ಬೆಟ್ಟಿಟ್ಟು ಒತ್ತಿದ. ಬೆರಳು ನಾದಿದ ಹಿಟ್ಟಿನಾಗ ಇಳದಂಗ ಇಳೀತು. ತಗದು ನೋಡಿಕೋತ ಕುಂತ. ಹೊರಗ ಯಾರೋ ಪಟಾಕಿ ಹೊಡದರು, ಗಿರಾಕಿ ಕರದು ಕರದು ಹೋದ. ಗುಳಿ ತುಂಬಲಿಲ್ಲ.

"ನನಗ ಗೊತ್ತೈತ್ರಿ. ಮಾರೆಮ್ಮ ಸತ್ತ ಸುದ್ದಿ ಬಂದ ದಿನಾನೇ ಒತ್ತಿ ನೋಡ್ಕೊಂಡೀನಿ," ಅಂದಳು ಕಲ್ಯಾಣಮ್ಮ.

"ಮತ್ತ ಬಾಯಿ ಬಿಡಬಾರದೇನು?"

"ಬಿಟ್ಟಿದ್ರ ನೀವು ಏನಂತಿದ್ರಿ ಅದೂ ಗೊತ್ತಿತ್ತು. ತಾಯಿ, ಇದಕ್ಕ ನನ್ನ ಹತ್ರ ಔಷಧ ಇಲ್ಲ ಅಂತಿದ್ರಿ. ಎಲ್ಲಾರಿಗೂ ಅಂತೀರಿ, ಕೇಳೀನಿ. ನನಗ ಅದು ನಿಮ್ಮ ಬಾಯಾಗ ಕೇಳೋದು ಬ್ಯಾಡಾಗಿತ್ತು." ಆಮ್ಯಾಲ ತಲಿ ತಗ್ಗಿಸಿ ಅಂದಳು, "ಕಷಾಯ ಕುಡ್ಯಾಕತ್ತೀನ್ರಿ. ದಿನಾ ಒಂದು ಲೋಟ. ಮಂದಿಗೆ ಹೆಂಗರ ಆಗಲಿ, ನಿಮ್ಮ ಕೈಗುಣ ನನಗರ ಹತ್ತತೈತಿ ಅಂದ್ಕೊಂಡೆ."

ಅಮರಗುಂಡಪ್ಪ ಎದ್ದ. ಹೋಗಿ ಒಲಿ ಮ್ಯಾಲಿನ ಪಾತ್ರಿ ಎತ್ತಿ ಕಷಾಯ ಮೋರಿಗೆ ಸುರುವಿದ. ಕೈ ಸುಟ್ಟಿದ್ದೂ ಅರವಾಗಲಿಲ್ಲ.

ಸಿಂಧನೂರಿನ ದವಾಖಾನ್ಯಾಗ ಡಾಕ್ಟರೂ ಹಂಗೇ ಹೆಬ್ಬೆಟ್ಟಿಟ್ಟು ಒತ್ತಿದರು. ರಕ್ತದ ರಿಪೋರ್ಟು ಬಂದ ಮ್ಯಾಲೆ ಅಮರಗುಂಡಪ್ಪನ್ನ ಬಾಜೂಕ ಕರದರು.

"ಎರಡೂ ಕಿಡ್ನಿ ಸಣ್ಣವಾಗ್ಯಾವ. ಮೊಣಕಾಲ ನೋವಿಗೆ ಅಂತ ವರ್ಷಗಟ್ಟಲೆ ಮೆಡಿಕಲ್ ಅಂಗಡಿ ಗುಳಗಿ ನುಂಗ್ಯಾರಂತ, ಬಿಪಿ ಒಮ್ಮಿನೂ ತೋರಿಸಿಲ್ಲ. ಮ್ಯಾಲೆ ಈ ಕಷಾಯ. ಬಾಳಿದಿಂಡಿನಾಗ ಪೊಟ್ಯಾಸಿಯಂ ಭಾಳ ಇರತೈತಿ, ಕೆಟ್ಟ ಕಿಡ್ನಿ ಅದನ್ನ ಹೊರಗ ಹಾಕಂಗಿಲ್ಲ. ಅದು ಈಗ ಎದಿ ಬಡಿತಕ್ಕ ಹತ್ತೈತಿ. ಪುಪ್ಪಸದಾಗೂ ನೀರು ತುಂಬೇತಿ." ಡಾಕ್ಟರು ಕನ್ನಡಕ ತಗದರು. "ಶ್ರಾವಣದಾಗ ಬಂದಿದ್ರ ಒಂದಿಷ್ಟು ಉಳಿಸಬಹುದಿತ್ತು. ಈಗ ಡಯಾಲಿಸಿಸ್ ಮಷೀನಿಗೆ ಹಚ್ಚತೀವಿ. ನಾಳಿ ಮುಂಜಾನಿ ತನಕ ಏನೂ ಹೇಳಾಕ ಬರಂಗಿಲ್ಲ."

ಅಮರಗುಂಡಪ್ಪ ಡಾಕ್ಟರ ಮಾತಿಗೆ ತಲಿ ಆಡಿಸಿದ. ಹಿಂಗ ತಲಿ ಆಡಿಸಿದವರನ್ನ ಅವನು ಕಟ್ಟಿ ಮ್ಯಾಲೆ ಬೇಕಾದಷ್ಟು ನೋಡಿದ್ದ.

ಮಷೀನಿನ ಖೋಲಿಗೆ ಒಯ್ಯಾಕ ಗಾಲಿ ಮಂಚ ತಂದು ಕುಂಡ್ರಿಸಿದ್ರ ಕಲ್ಯಾಣಮ್ಮ ಹಟ ಹಿಡದಳು. "ನಿಮ್ಮ ಕಾಲು ಮುಟ್ಟಬೇಕ್ರಿ. ಮನ್ಯಾಗ ನೀವು ನನ್ನ ಕಾಲು ಹಿಡದ್ರಿ, ಗಡಿಬಿಡ್ಯಾಗ ಮರತುಬಿಟ್ಟೆ. ಆ ಪಾಪ ಹೊತ್ಕೊಂಡು ನಾ ಒಳಗ ಹೋಗಂಗಿಲ್ಲ."

ಬಗ್ಗಾಕ ನೋಡಿದಳು, ಉಸುರು ಹತ್ತಿ ಎದಿ ಹಿಡ್ಕೊಂಡಳು. ಶಿವಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ಆಚಿ ಮಾರಿ ಮಾಡಿದಳು.

ಅಮರಗುಂಡಪ್ಪ ಚಪ್ಪಲಿ ಬಿಟ್ಟು, ಧೋತರ ಎತ್ತಿ, ತನ್ನ ಕಾಲು ಮಂಚದ ಮ್ಯಾಲೆ ಇಟ್ಟ. "ಅಜ್ಜಾರ, ಮಂಚದ ಮ್ಯಾಲೆ ಕಾಲಿಡಬ್ಯಾಡ್ರಿ," ಅಂತ ನರ್ಸು ಅಂದಳು. ಅವನು ತಗೀಲಿಲ್ಲ.

ಕಲ್ಯಾಣಮ್ಮ ಪಾದ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡಳು. ಆಮ್ಯಾಲ ಆ ಕೈ ಮತ್ತ ಇಳದು ಅವನ ಮೊಣಕಾಲ ಕೆಳಗ ಬಂತು. ಎಲುಬಿನ ಮ್ಯಾಲೆ ಹೆಬ್ಬೆಟ್ಟಿಟ್ಟು ಒತ್ತಿದಳು. ತಗದು, ಕಣ್ಣು ಕಿರಿದು ಮಾಡಿ ನೋಡಿದಳು. ಗುಳಿ ಬಿದ್ದೇ ಇದ್ದಿಲ್ಲ.

"ನೀವು ಚಲೋ ಅದೀರಿ," ಅಂದಳು.

ನರ್ಸು ಮಂಚ ದೂಡಿಕೊಂಡು ಒಳಗ ಹೋದಳು. ಅಮರಗುಂಡಪ್ಪ ಆ ಕಾಲು ಕೆಳಗ ಇಟ್ಟು, ಚಪ್ಪಲಿ ಮೆಟ್ಟೋದು ಮರತು, ಅಲ್ಲೇ ನಿಂತ.