ಜಗಳಗಂಟ ಪ್ರೇಮಕಾದಂಬರಿಕಾರ

ಕುಡಚಡೆಯ ಮಾನಪ್ಪನಿಗೆ ಜಗಳವಾಡದೆ ಪ್ರೇಮ ಬರೆಯಲು ಬರುವುದಿಲ್ಲ. ಹಗಲೆಲ್ಲ ಅದಿರು ಲಾರಿಗಳಿಗೆ ಪಂಕ್ಚರ್ ಹಾಕುತ್ತ ಡ್ರೈವರುಗಳ ಮೇಲೆ ಹಾರಾಡುವ ಈ ಮನುಷ್ಯ, ಸಂಜೆ ಮೊಬೈಲ್ ಹಿಡಿದು ಕಾದಂಬರಿ ಬರೆಯಲು ಕೂತರೆ ನಾಯಕನ ಬಾಯಿಂದ ಒಂದೇ ಒಂದು ಗಡಸು ಮಾತು ಹೊರಡಿಸುವುದಿಲ್ಲ. ಆದರೆ ನಾಯಕಿ ಮುನಿಸಿಕೊಂಡಳೋ, ಬೆರಳು ನಿಂತುಬಿಡುತ್ತದೆ. ಆಗ ಹೆಂಡತಿ ಚಂದವ್ವನೊಡನೆ ಕಾಲು ಕೆದರಿ ಜಗಳಕ್ಕೆ ಹೋಗುತ್ತಾನೆ. ಅವಳ ಬೈಗುಳವೆಲ್ಲ ನಾಯಕಿಯ ಬಾಯಿಗೆ, ತಾನು ಬಾಯಿಬಿಟ್ಟು ಎಂದೂ ಹೇಳದ ‘ತಪ್ಪಾತು’ ನಾಯಕನ ಬಾಯಿಗೆ. ಬರೆದದ್ದನ್ನು ಅವಳಿಗೇ ಮೊದಲು ಓದಿ ಹೇಳುವಾಗ ಚಂದವ್ವನ ರೊಟ್ಟಿ ಬಡಿಯುವ ಕೈ ನಿಂತರೆ ಅಧ್ಯಾಯ ಪಾಸು. ಈ ಸಲ ಸಿಟ್ಟಾದ ನಾಯಕಿ ಬಟ್ಟೆಗಂಟು ಹಿಡಿದು ರೈಲ್ವೆ ಸ್ಟೇಷನ್ನಿಗೆ ಹೋದಲ್ಲಿಗೆ ಕಥೆ ನಿಂತು ವಾರವಾಗಿತ್ತು. ಮೊಬೈಲಿನಲ್ಲೇ ಕಂತುಕಂತಾಗಿ ಓದುತ್ತಿದ್ದ ಓದುಗರು ಕೊನೆಯ ಅಧ್ಯಾಯಕ್ಕಾಗಿ ಫೋನ್ ಮಾಡಿ ಕಾಡುತ್ತಿದ್ದರು, ಮನೆಯಲ್ಲಿ ಜಗಳಕ್ಕೊಂದು ನೆಪ ಸಿಕ್ಕಿರಲಿಲ್ಲ. ನಿನ್ನೆ ಊಟಕ್ಕೆ ಕೂತವನು ಒಂದು ತುತ್ತಿಗೇ ತಾಟು ಸರಿಸಿ ಗುಡುಗಿದ: “ಸಾರಿಗೆ ಉಪ್ಪ ಯಾರ ಹಾಕಬೇಕು, ನಿಮ್ಮಪ್ಪನ?” ಚಂದವ್ವ ರೊಟ್ಟಿ ಮಗುಚುತ್ತಲೇ ಹೇಳಿದಳು: “ಬೇಕಂತನ ಹಾಕಿಲ್ರಿ. ಆ ಹುಡುಗಿ ವಾರದಿಂದ ಸ್ಟೇಷನ್‌ನ್ಯಾಗ ನಿಂತಾಳ. ಲಗೂನ ಜಗಳಾ ಮುಗಿಸಿ ಆಕಿನ್ನ ಮನೀಗೆ ಕರಕೊಂಡ ಬರ್ರಿ.”