ಬೆಣ್ಣಿಹಳ್ಳದ ಆಚೆ ಉಳಿದ ಪರದೆ

ನರಗುಂದದ ಮುಕ್ಕಾಮು ಮುಗಿಸಿ ನಮ್ಮ ನಾಟಕ ಕಂಪನಿ ಗಜೇಂದ್ರಗಡಕ್ಕೆ ಹೊರಟದ್ದು ದೀಪಾವಳಿಗೆ ಮುಂಚಿನ ಒಂದು ಸೋಮವಾರ, ನಸುಕಿನಲ್ಲಿ. ಐದು ಚಕ್ಕಡಿ, ಇಪ್ಪತ್ತು ಜನ. ನಾನು ಮ್ಯಾನೇಜರ್. ಹುಬ್ಬಳ್ಳಿಯ ಹತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಮಾಲೀಕರು ಆ ವರ್ಷವೇ ಈ ಕೆಲಸಕ್ಕೆ ಎಳೆದು ತಂದಿದ್ದರು. ಹತ್ತಿ ಅಂಡಿಗೆಗಳು ಒಂದರೊಡನೊಂದು ಜಗಳವಾಡುವುದಿಲ್ಲ. ನಟರ ಮಾತು ಬೇರೆ.

ಆಗಿನ ಜಗಳ ಒನ್ಸ್‌ಮೋರಿನದು. ನರಗುಂದದಲ್ಲಿ ಖಳನ ಪಾತ್ರದ ಬಸಣ್ಣನ ಹಾಡಿಗೆ ಜನ ಒನ್ಸ್‌ಮೋರ್ ಕೂಗಿದರು. ಆತ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ರಾಜನ ಪಾತ್ರದ ನಾಯಕನಟ ಗುರುಪಾದಪ್ಪ ಕತ್ತಿ ಹಿರಿದು ರಂಗಕ್ಕೆ ಬಂದೇಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬಸಣ್ಣನಿಗೆ ಬೇರೊಂದು ಕಂಪನಿಯಿಂದ ಕರೆ ಬಂದಿತ್ತು. "ಗಜೇಂದ್ರಗಡದಾಗ ಒಂದು ಆಟ ಆಡತೇನ್ರಿ, ಆಮ್ಯಾಲ ನನ್ನ ದಾರಿ ನನಗ" ಎಂದು ನನ್ನೆದುರು ಹೇಳಿದ್ದ. ಆತ ಹೋದರೆ ಆತನ ಬೆನ್ನಿಗೆ ಹಾರ್ಮೋನಿಯಂ ಮಾಸ್ತರರೂ ಹೋಗುವವರು. ಆಮೇಲೆ ಕಂಪನಿಯ ಹೆಸರಿನ ಫಲಕವನ್ನು ಒಲೆಗೆ ಹಾಕುವುದಷ್ಟೇ ಉಳಿಯುತ್ತಿತ್ತು.

ಬೆಣ್ಣಿಹಳ್ಳಕ್ಕೆ ಬಂದಾಗ ನೆತ್ತಿಯ ಮೇಲೆ ಚುರುಗುಟ್ಟುವ ಬಿಸಿಲು. ನಮ್ಮ ತಲೆಯ ಮೇಲೆ ಹನಿ ಮಳೆಯಿಲ್ಲ, ಆದರೆ ಹಳ್ಳದ ಮೇಲ್ಭಾಗದಲ್ಲಿ ಎಲ್ಲೋ ಸುರಿದಿತ್ತು. ನೀರು ಕೆಂಪಾಗಿ ಏರುತ್ತಿತ್ತು. "ಲಗೂ ದಾಟ್ರಿ, ಹಳ್ಳ ಬರಾಕತ್ತೇತಿ!" ಎಂದು ಚಕ್ಕಡಿಯವರು ಕೂಗಿದರು. ಚಕ್ಕಡಿ ಹಗುರಾಗಲೆಂದು ಎಲ್ಲರೂ ಇಳಿದು ಸಾಮಾನು ಹೊತ್ತರು. ಕಂಪನಿಯಲ್ಲಿ ಒಂದು ಹಳೆಯ ರೂಢಿಯಿತ್ತು: ಅವರವರ ಪೆಟಗಿ ಅವರವರ ತಲಿಮ್ಯಾಲ. ಕಿರೀಟ, ಬಣ್ಣ, ಕೂದಲಿನ ಟೋಪನ್ ಎಲ್ಲ ಇರುವ ಆ ಪೆಟ್ಟಿಗೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಎಲ್ಲರೂ ತಂತಮ್ಮ ಪೆಟ್ಟಿಗೆ ಹೊತ್ತು ಈಚೆಗೆ ಬಂದು, ಉಸ್ಸೆಂದು ಕೂತು, ಬೀಡಿ ಹಚ್ಚಿದ ಮೇಲೆಯೇ ಹಿಂದೆ ನೋಡಿದ್ದು. ಪರದೆಗಳ ಚಕ್ಕಡಿ ಆಚೆ ದಂಡೆಯಲ್ಲೇ ನಿಂತಿತ್ತು. ಪರದೆ ಎಳೆಯುವ ಇಬ್ಬರು ಆಳುಗಳು ಅದರ ಪಕ್ಕದಲ್ಲಿ ನಿಂತು ಕೈ ಬೀಸುತ್ತಿದ್ದರು. ಅರಮನೆ, ಕಾಡು, ಬೀದಿ ಸುತ್ತಿಟ್ಟ ಆ ಉದ್ದನೆಯ ಸುರುಳಿಗಳನ್ನು ಹೊರಲು ನಾಲ್ಕು ಜನ ಬೇಕು. ಎಲ್ಲರವು ಎಂಬ ಕಾರಣಕ್ಕೆ ಅವು ಯಾರವೂ ಆಗಿರಲಿಲ್ಲ. ನೋಡುತ್ತಿದ್ದಂತೆ ನಡುವೆ ಹಳ್ಳ ತುಂಬಿ ಹರಿಯಿತು.

ರೋಣದಲ್ಲಿ ರಾತ್ರಿ ತಂಗಿದೆವು. ಮರುದಿನ ನರೇಗಲ್ಲಿನ ಖಾನಾವಳಿಯಲ್ಲಿ ಆರಾಣೆಗೆ ಹೊಟ್ಟೆ ತುಂಬ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಹಿಂಡಿ. ಊಟದಲ್ಲಿ ಯಾವ ತಕರಾರೂ ಇರಲಿಲ್ಲ. ಗುರುಪಾದಪ್ಪ ಪಡಸಾಲೆಯ ಈ ತುದಿಗೆ ಕೂತರೆ ಬಸಣ್ಣ ಆ ತುದಿಗೆ ಕೂತ. ಸಂಜೆ ಗುಡ್ಡದ ಮೇಲಿನ ಕೋಟೆ ಕಂಡಿತು, ಓಣಿಗಳಿಂದ ಮಗ್ಗಗಳ ಸದ್ದು ಕೇಳಿತು. ಆಟ ಮರುದಿನವೇ ಇತ್ತು. ಊರೆಲ್ಲ ಡಂಗುರ ಸಾರಿಯಾಗಿತ್ತು.

ಪರದೆಯಿಲ್ಲದೆ ಆಟ ಹೇಗೆ ಎಂದು ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ ಮಾತು ತೆಗೆದವನು ಹೆಣ್ಣು ಪಾತ್ರದ ಮಲ್ಲೇಶಪ್ಪ.

"ದೊಡ್ಡಾಟದಾಗ ಇಬ್ಬರು ಒಂದು ಅರಿವಿ ಅಡ್ಡ ಹಿಡೀತಾರಲ್ಲ, ಪಾತ್ರ ಅದರ ಹಿಂದಿಂದ ಬರ್ತೈತಿ. ನಾವೂ ಹಂಗ ಮಾಡೂಣು."

"ನಾವು ಕಂಪನಿಯವರು, ಅರಿವಿ ಹಿಡಿಯಾಕ ಬಂದಿಲ್ಲ" ಎಂದ ಗುರುಪಾದಪ್ಪ.

"ಹಂಗಾರ ಜನರ ಮುಂದ ಹೋಗಿ ನೀವ ಹೇಳ್ರಿ, ಆಟ ಇಲ್ಲಂತ" ಎಂದೆ.

ಒಬ್ಬ ನೇಕಾರನ ಮನೆಯಿಂದ ಉದ್ದನೆಯ ಕೆಂಪು ಬಟ್ಟೆ ಕೇಳಿ ತಂದೆ. ಆದರೆ ಹಿಡಿಯುವವರು ಯಾರು? ಆಳುಗಳು ಹಳ್ಳದ ಆಚೆ ಇದ್ದರು. ಯಾರಿಗೆ ಯಾವಾಗ ಬಿಡುವು ಎಂದು ಕೂತು ನೋಡಿದೆವು. ಬಸಣ್ಣ ರಂಗಕ್ಕೆ ಬರುವ ಹೊತ್ತಿಗೆ ಬಿಡುವಿದ್ದವರು ಇಬ್ಬರೇ, ಮಲ್ಲೇಶಪ್ಪ ಮತ್ತು ಗುರುಪಾದಪ್ಪ. ಬಸಣ್ಣನ ಮುಖವನ್ನಾಗಲಿ ಗುರುಪಾದಪ್ಪನ ಮುಖವನ್ನಾಗಲಿ ನೋಡುವ ಧೈರ್ಯ ನನಗಾಗಲಿಲ್ಲ.

ಆಟ ಶುರುವಾಯಿತು. ಕಿರೀಟ ತೊಟ್ಟ ರಾಜ ಒಂದು ತುದಿ, ಸೀರೆಯುಟ್ಟ ರಾಣಿ ಇನ್ನೊಂದು ತುದಿ ಹಿಡಿದು ಬಂದಾಗ ಜನ ಹೋ ಎಂದು ನಕ್ಕರು. ಗುರುಪಾದಪ್ಪನ ಕಿವಿ ಕೆಂಪಾಯಿತು. ಬಟ್ಟೆ ಇಳಿಯಿತು. ಬಸಣ್ಣ ಹಾಡಿದ. ನಗು ನಿಂತಿತು. ಹಾಡು ಮುಗಿದದ್ದೇ ತಡ, ಒನ್ಸ್‌ಮೋರ್ ಎಂದು ಕೂಗು ಎದ್ದಿತು. ಮುಂದೆ ಬರಬೇಕಾದವನು ಗುರುಪಾದಪ್ಪನೇ. ಗುರುಪಾದಪ್ಪನ ಕೈ ಕತ್ತಿಯತ್ತ ಹೋಗಲಿಲ್ಲ. ಮಲ್ಲೇಶಪ್ಪನಿಗೆ ಕಣ್ಣಸನ್ನೆ ಮಾಡಿ ಬಟ್ಟೆಯನ್ನು ಮತ್ತೆ ಎತ್ತಿ ಹಿಡಿದ. ಬಸಣ್ಣ ಒಂದು ಕ್ಷಣ ಬೆಪ್ಪಾಗಿ ನಿಂತು, ಬಟ್ಟೆಯ ಹಿಂದೆ ಹೋಗಿ, ಹೊಸದಾಗಿ ಪ್ರವೇಶ ಮಾಡಿ ಹಾಡಿದ. ಮುಂದಿನ ಪ್ರವೇಶದಲ್ಲಿ ರಾಜನಿಗೆ ಬಟ್ಟೆ ಹಿಡಿದವನು ಬಸಣ್ಣ. ಯಾರೂ ಹೇಳಿರಲಿಲ್ಲ.

ಪರದೆಗಳು ನಾಲ್ಕನೆಯ ದಿನ ಬಂದವು. ಬಸಣ್ಣ ಇಂದು ಹೋದಾನು, ನಾಳೆ ಹೋದಾನು ಎಂದು ನಾನು ಕಾದೆ. ಆತ ಆ ಮಾತನ್ನೇ ತೆಗೆಯಲಿಲ್ಲ, ನಾನೂ ಕೆದಕಲಿಲ್ಲ. ಆದರೆ ಪ್ರತಿ ಆಟದ ಕೊನೆಗೆ, ಹೊರಡುವವನಂತೆ ತನ್ನ ಪೆಟ್ಟಿಗೆಗೆ ಹಗ್ಗ ಬಿಗಿಯುವುದನ್ನು ಮಾತ್ರ ಬಿಡಲಿಲ್ಲ.

ಮುಕ್ಕಾಮು ಮುಗಿಸಿ ಅದೇ ದಾರಿಯಲ್ಲಿ ಮರಳಿದೆವು. ಬೆಣ್ಣಿಹಳ್ಳದಲ್ಲಿ ನೀರು ಪಾದ ತೋಯುವಷ್ಟೂ ಇರಲಿಲ್ಲ. ಯಾರೂ ಇಳಿಯಬೇಕಾಗಿಯೇ ಇರಲಿಲ್ಲ. ಆದರೂ ಗುರುಪಾದಪ್ಪ ಮತ್ತು ಬಸಣ್ಣ ಇಳಿದು, ಪರದೆಯ ಚಕ್ಕಡಿಯ ಎರಡೂ ಬದಿಗೆ ನಡೆಯುತ್ತ ಸುರುಳಿಗೆ ಕೈಯಾನಿಸಿ ದಾಟಿಸಿದರು. ದಂಡೆ ಏರಿದ ಮೇಲೆ ನೋಡಿದೆ, ಬಸಣ್ಣನ ಪೆಟ್ಟಿಗೆ ಆತನ ತಲೆಯ ಮೇಲೂ ಇರಲಿಲ್ಲ, ದಾಟಿ ಬಂದಿದ್ದ ಚಕ್ಕಡಿಗಳಲ್ಲೂ ಕಾಣಲಿಲ್ಲ; ಇನ್ನೆರಡು ಚಕ್ಕಡಿ ಹಿಂದೆ ಬರುತ್ತಿದ್ದವು.

"ಬಸಣ್ಣಾ, ನಿಮ್ಮ ಪೆಟಗಿ ಎಲ್ಲೈತ್ರಿ?"

ಆತ ಹಿಂದಿರುಗಿ ನೋಡಲೂ ಇಲ್ಲ.

"ಹಿಂದ ಯಾರರ ತರಾಕತ್ತಿರ್ತಾರ ಬಿಡ್ರಿ."