ಯೋರುನ್ ಕಂಕುಳಲ್ಲಿ ಪರರ ಕಾರು

ಬೆಳಗಿನ ಮೊದಲ ಫೆರಿ ಬ್ರೆಕ್ಕೆವೋಗ್ ದಡ ಬಿಟ್ಟು ಗುಡ್ಡಗಳ ನಡುವೆ ಚಾಚಿದ ಕಡಲತೋಳಾದ ಫಿಯೋರ್ಡಿನ ನಡುನೀರಿಗೆ ಬಂದಿದೆ. ಬೆಳಗಾಗಲೋ ಬೇಡವೋ ಎಂದು ಆಕಾಶ ಇನ್ನೂ ಮೀನಮೇಷ ಎಣಿಸುತ್ತಿದೆ. ಕಾರುಗಳು ನಿಂತ ಡೆಕ್ಕಿನ ಮೇಲೆ, ಕಿತ್ತಳೆ ಬಣ್ಣದ ಸಮವಸ್ತ್ರ ತೊಟ್ಟ ಯೋರುನ್ ಮೀಲ್ಡೆ ನಿಂತಿದ್ದಾರೆ. ಬಲಗೈಗೆ ಉಣ್ಣೆಯ ಗವಸು ಇದೆ, ಎಡಗೈ ಬರಿದು. ಎಡಗಡೆಯ ಕಂಕುಳನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ, ಜ್ವರ ನೋಡಲು ಥರ್ಮಾಮೀಟರ್ ಇಟ್ಟುಕೊಂಡವರ ಹಾಗೆ.

ಒಳಗಿರುವುದು ಥರ್ಮಾಮೀಟರ್ ಅಲ್ಲ, ಬ್ಯಾಂಕಿನ ಉದ್ಯೋಗಿಯೊಬ್ಬರ ಫೋನು. ಆ ಫೋನೇ ಅವರ ಎಲೆಕ್ಟ್ರಿಕ್ ಕಾರಿನ ಕೀ. ಚಳಿಗೆ ಅದು ಜೀವ ಬಿಟ್ಟಿದೆ, ಕಾರು ಸಾಲಿನ ಮೊದಲಲ್ಲೇ ನಿಂತಿದೆ. ಬ್ಯಾಂಕಿನವರು ಯೋರುನ್ ಅವರ ಎಡಗೈ ಗವಸನ್ನು ಎರಡೂ ಕೈಯಲ್ಲಿ ಹಿಡಿದು, ಆಸ್ಪತ್ರೆಯ ಹೊರಗೆ ಕಾಯುವ ನೆಂಟರಂತೆ ನಿಂತಿದ್ದಾರೆ. ಈಗ ಆಗಬಹುದೇ ಎಂದು ಮೂರನೇ ಸಲ ಕೇಳುತ್ತಾರೆ.

"ಸುಮ್ನಿರು ಮಾರಾಯ. ಇದು ಮೊಟ್ಟೆ ಇದ್ದಂಗೆ. ಅವಸರ ಮಾಡಿದ್ರೆ ಮರಿ ಆಗಲ್ಲ" ಎನ್ನುತ್ತಾರೆ ಯೋರುನ್.

ಲುಂದನೆಸ್ ದಡದ ದೀಪಗಳು ಹತ್ತಿರವಾಗುವ ಹೊತ್ತಿಗೆ ಕಂಕುಳಲ್ಲಿ ಸಣ್ಣದೊಂದು ನಡುಕ. ಫೋನು ಕಣ್ಣು ಬಿಡುತ್ತದೆ. ಕಾರಿನ ದೀಪಗಳು ಮಿನುಗುತ್ತವೆ, ಬ್ಯಾಂಕಿನವರ ಮುಖವೂ ಅರಳುತ್ತದೆ. ಫೋನು ಆ ಕೈಗೆ, ಗವಸು ಈ ಕೈಗೆ. ಯೋರುನ್ ಓಡಿಹೋಗಿ ದಡದ ಹಗ್ಗ ಹಿಡಿಯುತ್ತಾರೆ.

ಈ ಸೀಮೆಯಲ್ಲಿ ಈಗ ಪೆಟ್ರೋಲ್ ಕಾರು ಕಂಡರೆ ಮಕ್ಕಳು ಬೆರಳು ತೋರಿಸಿ ನಗುತ್ತವೆ. ಎಲ್ಲರದೂ ಬ್ಯಾಟರಿ ಕಾರು. ಕೀ ಎಂದರೆ ಒಂದು ಕಾಲದಲ್ಲಿ ಕಬ್ಬಿಣದ ತುಂಡು, ಬಿದ್ದರೆ ಠಣ್ ಎನ್ನುತ್ತಿತ್ತು. ಈಗ ಅರ್ಧ ಜನಕ್ಕೆ ಫೋನೇ ಕೀ, ಇನ್ನರ್ಧಕ್ಕೆ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು ಎನ್ನುವ ರಿಮೋಟ್ ಕೀ. ರಸ್ತೆಯಲ್ಲಿ ಕೀ ಕೈಕೊಟ್ಟರೆ ಅದು ಒಬ್ಬನ ತಾಪತ್ರಯ. ಫೆರಿಯಲ್ಲಿ ಹಾಗಲ್ಲ. ಹತ್ತಿದವರೆಲ್ಲ ಕಾರು ಆರಿಸಲೇಬೇಕು, ದಡ ಬಂದಾಗ ಮತ್ತೆ ಹೊರಡಿಸಲೇಬೇಕು. ಮುಂದಿನದು ಮೊಂಡು ಹಿಡಿದರೆ ಹಿಂದಿನ ಸಾಲಿಗೆ ಸಾಲೇ ಗೂಟಕ್ಕೆ ಕಟ್ಟಿದ ಹಾಗೆ. ಹಗ್ಗ ಕಟ್ಟು, ಕಾರು ಸಾಲಿಗೆ ಹಚ್ಚು, ಡೆಕ್ಕು ತೊಳೆ ಎಂದು ಸಂಬಳ ಕೊಡುವ ಕಂಪನಿಯವರು ಫೋನಿಗೆ ಕಾವು ಕೊಡು ಎಂದು ಎಲ್ಲೂ ಹೇಳಿಲ್ಲ. ಅದು ಯೋರುನ್ ತಾವಾಗಿ ತಲೆಗೆ, ಅಲ್ಲ, ಕಂಕುಳಿಗೆ ಹಚ್ಚಿಕೊಂಡ ಕೆಲಸ.

ಅವರಿಗೆ ಈಗ ಐವತ್ತೆಂಟು. ಊರಿನ ಮೀನು ಕಾರ್ಖಾನೆ ಮುಚ್ಚುವವರೆಗೆ ಅಲ್ಲಿ ಕಾಡ್ ಮೀನಿನ ತಲೆ ಕತ್ತರಿಸುತ್ತಿದ್ದರು. ಗಂಡ ತೀರಿಕೊಂಡ ವರ್ಷವೇ ಕಾರ್ಖಾನೆಗೂ ಬೀಗ ಬಿತ್ತು. ಆ ಚಳಿಗಾಲ ಕಳೆದ ಮೇಲೆ ಫೆರಿಯಲ್ಲಿ ಕೆಲಸ ಸಿಕ್ಕಿತು. ಉಪ್ಪುಗಾಳಿಗೆ ಬೆರಳ ಸಂದಿ ಒಡೆಯುತ್ತದೆ, ಮಂಡಿ ಮಾತು ಕೇಳುವುದಿಲ್ಲ, ಆದರೆ ಮೀನಿನ ತಲೆಗಿಂತ ಮನುಷ್ಯರ ತಲೆ ನೋಡುವುದು ವಾಸಿಯಂತೆ. ಲೈಸೆನ್ಸ್ ಇದ್ದರೂ ಸ್ವಂತ ಕಾರಿಲ್ಲ, ಸೈಕಲ್ಲಿದೆ. ಅದಕ್ಕೆ ಬೀಗವಿಲ್ಲವೇ ಎಂದರೆ, "ಬೀಗ ಇದೆ. ಕೀ ಕಳ್ದೋಗಿದೆ. ಅದಕ್ಕೇ ಹಾಕಲ್ಲ" ಎನ್ನುತ್ತಾರೆ.

ಫೆರಿಯ ಸಿಬ್ಬಂದಿಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿವೆ. ಕ್ಯಾಪ್ಟನ್ ಆಸ್ಲಾಕ್ ಫೋನಿನ ಪಕ್ಷ. ಮನುಷ್ಯ ಹೆಂಡತಿಯ ಹುಟ್ಟಿದ ದಿನ ಮರೆತಾನು, ಫೋನು ಮರೆಯಲಾರ ಎಂಬುದು ಅವರ ವಾದ. ಮೇಲಿನ ಕ್ಯಾಂಟೀನಿನಲ್ಲಿ ಸ್ವೇಲೆ ಎಂಬ ದಪ್ಪ ಸಿಹಿದೋಸೆ ಹುಯ್ಯುವ ಬೋರ್ಗಿಲ್ ರಿಮೋಟಿನ ಪಕ್ಷ. ರಿಮೋಟಿಗೆ ಒಂದೇ ಕೆಲಸ, ಅದು ಹರಟೆ ಹೊಡೆಯುವುದಿಲ್ಲ, ಪಟ ತೋರಿಸುವುದಿಲ್ಲ, ಇದ್ದಕ್ಕಿದ್ದಂತೆ ನೀನು ಯಾರು ಎಂದು ಕೇಳುವುದಿಲ್ಲ ಎಂದು ಅವರು ಹಿಟ್ಟಿನ ಸೌಟು ಎತ್ತಿ ಹೇಳುತ್ತಾರೆ. ಕೊನೆಯ ಮಾತು ಆಸ್ಲಾಕ್‌ಗೆ ಕುಟುಕಿದ್ದು. ಒಂದು ಸಂಜೆ ಅವರ ಫೋನು ತಾನೇ ಅಪ್‌ಡೇಟ್ ಮಾಡಿಕೊಂಡು, ಹಳೆಯ ಯಜಮಾನನ ಗುರುತು ಮರೆತು, ಪಾಸ್‌ವರ್ಡು ಕೇಳಿತ್ತು. ಕ್ಯಾಪ್ಟನ್ ಸಾಹೇಬರು ಮನೆಯವರೆಗೆ ಮಂಜಿನಲ್ಲಿ ನಡೆದರು. ಹಾಗೆಂದು ಬೋರ್ಗಿಲ್ ಬೀಗುವಂತೇನೂ ಇಲ್ಲ. ಅವರ ರಿಮೋಟು ಏಪ್ರನ್ನಿನ ಜೊತೆ ಬಟ್ಟೆ ಒಗೆಯುವ ಯಂತ್ರದಲ್ಲಿ ಸ್ನಾನ ಮಾಡಿ ಬಂದ ಮೇಲೆ, ಮನಸ್ಸು ಬಂದಾಗಲೆಲ್ಲ ಕಾರಿನ ಡಿಕ್ಕಿ ತೆರೆಯುತ್ತದೆ.

ಯೋರುನ್ ಯಾವ ಪಕ್ಷ ಎಂದರೆ, "ಕೀ ಯಾವ್ದಾದ್ರೇನು, ಮರೆಯೋ ತಲೆ ಅದೇ ತಾನೆ" ಎನ್ನುತ್ತಾರೆ. ಇದು ಪರೋಪದೇಶವಲ್ಲ, ಸ್ವಂತ ಅನುಭವ. ಹೋದ ಮಾರ್ಚ್ ತಿಂಗಳ ಕಥೆ ಕೇಳಿ.

ಅವತ್ತೂ ಇಂಥದ್ದೇ ಬೆಳಗು. ಪಶುವೈದ್ಯೆ ಸೋಲ್ರುನ್ ಸಾಲಿನ ಮೊದಲಲ್ಲಿದ್ದರು. ಲುಂದನೆಸ್ ಮೇಲಿನ ಗುಡ್ಡದಲ್ಲಿ ತೋರ್‌ಗೇರ್ ಎಂಬ ರೈತನ ಹಸು ಡಾಗ್‌ರೋಸ್ ಹೆರಿಗೆ ನೋವು ತಿನ್ನುತ್ತಿತ್ತು. ಕರು ಅಡ್ಡಾದಿಡ್ಡಿಯಾಗಿ, ಹಿಂಗಾಲು ಮುಂದಾಗಿ ಬರುತ್ತಿದೆ ಎಂದು ಕರೆ ಬಂದಿತ್ತು. ತಡವಾದರೆ ಕರುವೂ ಇಲ್ಲ, ತಾಯಿಯೂ ಇಲ್ಲ. ಸೋಲ್ರುನ್ ಅವರ ಫೋನು ಮಾತ್ರ ಕೋಟಿನ ಹೊರಜೇಬಿನಲ್ಲಿ ಮರಗಟ್ಟಿ ಮಲಗಿತ್ತು. ಬೇರೆ ಕೀ ಇಲ್ಲವೇ ಎಂದು ಯೋರುನ್ ಕೇಳಿದರು. ರಿಮೋಟು ಗಂಡನ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಗಂಡನ ಮೈಮೇಲಿತ್ತು. ಗಂಡ ಉತ್ತರ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಯ ಮೇಲಿದ್ದ.

ಯೋರುನ್ ಫೋನನ್ನು ಸ್ವೆಟರಿನೊಳಗೆ ಕಂಕುಳಿಗೆ ಸೇರಿಸಿದರು. ದಡ ಬರುವಷ್ಟರಲ್ಲಿ ಅದಕ್ಕೆ ಜೀವ ಬಂತು. ಕಂಕುಳಲ್ಲಿ ಫೋನಿಟ್ಟುಕೊಂಡ ಯೋರುನ್ ಕಿಟಕಿಯ ಪಕ್ಕದಲ್ಲೇ ನಿಂತಿದ್ದರಿಂದ ಕಾರು ತಕರಾರಿಲ್ಲದೆ ಹೊರಟಿತು. ಹೋಗು ಹೋಗು ಎಂದು ಅವರು ಕೈಬೀಸಿದರು, ಸೋಲ್ರುನ್ ಕೈಬೀಸಿ ಹೋದರು. ಒಮ್ಮೆ ಹೊರಟ ಈ ಕಾರುಗಳು ಕೀ ಇಲ್ಲದೆಯೂ ಓಡುತ್ತಲೇ ಇರುತ್ತವೆ. ಕೀ ಕಾಣುತ್ತಿಲ್ಲ ಎಂದು ಕಾರು ಬಡಬಡಿಸಿತಂತೆ. ಚಳಿಗೆ ಇದಕ್ಕೂ ತಲೆ ಕೆಟ್ಟಿದೆ ಎಂದುಕೊಂಡ ಸೋಲ್ರುನ್ ಗುಡ್ಡ ಹತ್ತಿದರು. ತೋರ್‌ಗೇರ್ ಮನೆಗೆ ಮುಂಚೆ, ಹಳ್ಳದ ಪಕ್ಕ ಒಂದು ಉಣುಗೋಲಿನ ಗೇಟು. ಅದನ್ನು ತೆರೆಯಲು ಇಳಿದರು. ಗಾಳಿಗೆ ಕಾರಿನ ಬಾಗಿಲು ಧಡಕ್ಕನೆ ಮುಚ್ಚಿತು. ಯಜಮಾನತಿಯ ಫೋನು ಹತ್ತಿರವಿಲ್ಲವೆಂದು ಕಾರು ಬುದ್ಧಿವಂತಿಕೆಯಿಂದ ಬೀಗ ಜಡಿದುಕೊಂಡಿತು. ಹೆರಿಗೆಯ ಹಗ್ಗ, ಔಷಧಿ, ಎಲ್ಲ ಸಾಮಾನಿನ ಚೀಲ ಒಳಗೆ. ವೈದ್ಯೆ ಬರಿಗೈಯಲ್ಲಿ ಹೊರಗೆ.

ಇತ್ತ ಫೆರಿ ಆಚೆ ದಡಕ್ಕೆ ಹಿಂದಿರುಗಿ ಕಾರು ಹತ್ತಿಸಿಕೊಳ್ಳುತ್ತಿತ್ತು. ಆಗ ಯೋರುನ್ ಎದೆಯೊಳಗಿಂದ ಒಂದು ಹಸು ಅಂಬಾ ಎಂದಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದು ಸೋಲ್ರುನ್ ಫೋನಿನ ಕರೆಗಂಟೆ. ಅವರು ಮನೆಯವರೆಗೆ ಓಡಿ, ತೋರ್‌ಗೇರ್ ಫೋನು ಇಸಿದುಕೊಂಡು, ಸಿಗ್ನಲ್ ಸಿಗುವ ಬಂಡೆ ಹತ್ತಿ ಮಾತಾಡುತ್ತಿದ್ದರು.

"ಯೋರುನ್, ನನ್ನ ಕಾರು ನಿನ್ನ ಕಂಕುಳಲ್ಲಿದೆ ಕಣೇ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯಲ್ಲಿ ಕೂಸಾದರೂ ಸ್ವಂತದ್ದು. ಯೋರುನ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸೋಲ್ರುನ್ ಗುಟ್ಟಿನ ಅಂಕಿ ಹೇಳಿದರು, ಯೋರುನ್ ಫೋನಿನಲ್ಲಿ ಬೀಗ ತೆರೆಯುವ ಗುಂಡಿ ಒತ್ತಿದರು. ಕಾರು ನಿಂತದ್ದು ಹಳ್ಳದ ಪಕ್ಕದ ತಗ್ಗಿನಲ್ಲಿ, ಸಿಗ್ನಲ್ಲೇ ಇಲ್ಲ, ಅದಕ್ಕೆ ಏನೂ ಕೇಳಿಸಲಿಲ್ಲ. ಫೋನನ್ನು ಕಾರಿನ ಪಕ್ಕಕ್ಕೇ ಒಯ್ಯಬೇಕು, ಬೇರೆ ದಾರಿಯಿಲ್ಲ.

ಆಸ್ಲಾಕ್ ವೇಳಾಪಟ್ಟಿಯನ್ನು ಬೈಬಲ್ಲಿಗಿಂತ ಒಂದು ಮೆಟ್ಟಿಲು ಮೇಲೆ ಇಡುವ ಮನುಷ್ಯ. ಅವತ್ತು ಸುದ್ದಿ ಕೇಳಿ ಹೊತ್ತಿಗೆ ಮುಂಚೆ ಫೆರಿ ಬಿಟ್ಟರು. ಬ್ರೆಕ್ಕೆವೋಗ್ ಜನ ಇದನ್ನು ಇಂದಿಗೂ ನಂಬುವುದಿಲ್ಲ. ದಡ ಮುಟ್ಟುವ ಮೊದಲೇ ಯೋರುನ್ ಮೇಲೆ ಹೋಗಿ, ತಪ್ಪು ನನ್ನದು, ನಾನೇ ಹೋಗುತ್ತೇನೆ ಎಂದರು. ಡೆಕ್ಕಿನಲ್ಲಿ ಅವರಿಲ್ಲದೆ ಫೆರಿ ಹೊರಡುವಂತಿಲ್ಲ, ಅದು ಕಾಯಿದೆ. ಆಸ್ಲಾಕ್ ಗಡಿಯಾರ ನೋಡಿದರು, ಗುಡ್ಡ ನೋಡಿದರು, ಕೊನೆಗೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಹೋಗು. ನಾನು ಕಾಯ್ತೀನಿ."

ಲುಂದನೆಸ್ ದಡದಲ್ಲಿ ಬೋರ್ಗಿಲ್ ಅವರ ಕಾರು ನಿಂತಿತ್ತು. ಅವರು ರಿಮೋಟು ಕೊಡುತ್ತಾ, ನೋಡಿದೆಯಾ, ಕೊನೆಗೆ ಕೈಹಿಡಿಯುವುದು ಯಾವುದು ಎಂದು ಆಸ್ಲಾಕ್‌ಗೆ ಕೇಳುವ ಹಾಗೆ ಹೇಳಿದರು. ಬಹಳ ದಿನದ ಮೇಲೆ ಸ್ಟಿಯರಿಂಗ್ ಹಿಡಿದ ಯೋರುನ್ ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ಡಿಕ್ಕಿ ಬಾಯಿ ತೆರೆದುಕೊಂಡೇ ಇತ್ತು. ಬೋರ್ಗಿಲ್ ಕೊಂಡಿಟ್ಟಿದ್ದ ಆಲೂಗಡ್ಡೆ ಒಂದೊಂದಾಗಿ ಫಿಯೋರ್ಡಿನ ಕಡೆಗೆ ಉರುಳಿದವು.

ಗೇಟಿನ ಬಳಿ ಯೋರುನ್ ಇಳಿದು ನಡೆಯುತ್ತಿದ್ದಂತೆ ಸೋಲ್ರುನ್ ಕಾರು, ಒಡೆಯ ಬಂದಾಗ ಬಾಲ ಅಲ್ಲಾಡಿಸುವ ನಾಯಿಯ ಹಾಗೆ ದೀಪ ಮಿನುಗಿಸಿತು. ಚೀಲ ಎತ್ತಿಕೊಂಡು ಕೊಟ್ಟಿಗೆಗೆ ಓಡಿದರು. ತೋರ್‌ಗೇರ್ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಕಣ್ಣು ಕೆಂಪಾಗಿತ್ತು. ಕಾಯುತ್ತಿದ್ದ ಸೋಲ್ರುನ್ ಕೈ ಒಳಗೆ ಹಾಕಿ ಕರುವಿನ ಕಾಲಿಗೆ ಹಗ್ಗ ಬಿಗಿದು, ನಾನು ಹೇಳಿದಾಗ ಎಳೆ ಎಂದರು. ಯೋರುನ್ ಹಗ್ಗ ಹಿಡಿದರು. ಇಷ್ಟು ವರ್ಷ ಅವರು ಎಳೆದದ್ದು ಹಗ್ಗವನ್ನೇ. ಹಸು ತಿಣುಕಿದಾಗ ಎಳೆದು, ನಿಲ್ಲಿಸಿದಾಗ ನಿಂತು, ಮತ್ತೆ ಎಳೆದರು. ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಉಸಿರಿಲ್ಲ. ಯೋರುನ್ ಕೈಗವಸು ಕಿತ್ತು, ಅದರಿಂದಲೇ ಕರುವಿನ ಎದೆಯನ್ನು ತಿಕ್ಕಿದರು. ತಿಕ್ಕುತ್ತಾ ಬೈದರು, ಬೈಯುತ್ತಾ ಅತ್ತರು. ಕರು ಸೀನಿತು.

"ಬದುಕ್ತು" ಎಂದರು ಸೋಲ್ರುನ್. ತೋರ್‌ಗೇರ್ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಈ ನಡುವೆ ಫೆರಿಯಲ್ಲಿ ಆಸ್ಲಾಕ್ ಧ್ವನಿವರ್ಧಕದಲ್ಲಿ ಒಂದೇ ವಾಕ್ಯ ಹೇಳಿದ್ದರು: ಹೆರಿಗೆಯ ಕಾರಣದಿಂದ ತಡವಾಗುತ್ತಿದೆ. ದಡದ ಮೇಲೆ ಕಾರುಗಳ ಸಾಲು ತಿರುವಿನಾಚೆಗೂ ಬೆಳೆಯಿತು. ಯಾರೂ ಹಾರನ್ ಒತ್ತಲಿಲ್ಲ, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಇಲ್ಲಿನವರಿಗೆ ಅಪರಿಚಿತರೊಡನೆ ಮಾತಾಡುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಒಬ್ಬೊಬ್ಬರಾಗಿ ಮೇಲೆ ಹೋಗಿ ಕಂದು ಚೀಸು ಹಾಕಿದ ಸ್ವೇಲೆ ತಿಂದು ಬಂದರು. ಬೋರ್ಗಿಲ್ ಅವರ ಹಿಟ್ಟು ಖಾಲಿಯಾಯಿತು. ಹಿಟ್ಟಿನ ಜೊತೆ ಸುದ್ದಿಯೂ ಪೂರ್ತಿ ಹಂಚಿ ಖಾಲಿಯಾಗಿತ್ತೆನ್ನಿ.

ತಲೆಯಲ್ಲಿ ಹುಲ್ಲು, ತೋಳಿನಲ್ಲಿ ರಕ್ತ, ಯೋರುನ್ ಸಾಲಿನ ಪಕ್ಕದಲ್ಲೇ ತಲೆ ತಗ್ಗಿಸಿ ನಡೆದು ಬಂದರು. ಎಲ್ಲರೂ ಮರ್ಯಾದೆಯಿಂದ ನೀರಿನ ಕಡೆ ನೋಡುತ್ತಿದ್ದರು. ಮೊದಲ ಲಾರಿಯ ಚಾಲಕ ಮಾತ್ರ ಕಿಟಕಿ ಇಳಿಸಿ, "ಹೋರಿಯೋ, ಕಡಸೋ?" ಎಂದ.

"ಕಡಸು" ಎಂದರು ಯೋರುನ್.

ಆತ ತಲೆಯಾಡಿಸಿ ಕಿಟಕಿ ಏರಿಸಿದ. ಹಿಂದಿನ ಕಾರಿನ ಕಿಟಕಿ ಇಳಿಯಿತು, ಉತ್ತರ ಕೇಳಿ ಏರಿತು. ಹೀಗೇ ಸಾಲಿನ ಕೊನೆಯವರೆಗೆ.

ಫೆರಿ ಹೊರಡಿಸಲು ಹಗ್ಗಕ್ಕೆ ಕೈ ಹಾಕಿದ್ದೇ ತಡ, ಎಡ ಅಂಗೈ ಚುರ್ ಎಂದಿತು. ಆ ಕೈಯ ಗವಸು ಕೊಟ್ಟಿಗೆಯಲ್ಲೇ ಉಳಿದಿತ್ತು. "ಊರಿನವರ ಫೋನು ಒಳಗಿದ್ದದ್ದು ನಂಗೆ ಗೊತ್ತೇ ಆಗ್ಲಿಲ್ಲ. ನನ್ನ ಗವಸು ಇಲ್ದಿದ್ದು ಆ ಕ್ಷಣಕ್ಕೇ ಗೊತ್ತಾಯ್ತು. ಆಗ ಬುದ್ಧಿ ಬಂತು" ಎನ್ನುತ್ತಾರೆ.

ಅಂದಿನಿಂದ ಯಾರ ಫೋನು ಕಂಕುಳಿಗೆ ಹೋದರೂ ಎಡಗೈ ಗವಸು ಅವರಿಗೆ ಒತ್ತೆ. ದಡ ಬಂತು, ಹಗ್ಗ ಹಿಡಿದರೆ ಕೈ ಉರಿಯುತ್ತದೆ, ಉರಿದರೆ ಫೋನು ನೆನಪಾಗುತ್ತದೆ. ಕಂಪನಿಯವರು ತಡದ ವಿಚಾರಣೆಗೆ ಬಂದು, ಕಥೆ ಕೇಳಿ, ಸಮವಸ್ತ್ರಕ್ಕೆ ಫೋನಿಡುವ ಒಳಜೇಬು ಹೊಲಿಸಿಕೊಡಲೇ ಎಂದರಂತೆ. ಯೋರುನ್ ಬೇಡವೆಂದರು. ಜೇಬು ನೆನಪಿಸುವುದಿಲ್ಲ, ಮರೆಸುತ್ತದೆ. ತೋರ್‌ಗೇರ್ ಮನೆಯ ಕಡಸಿಗೆ ಗವಸು ಎಂದೇ ಹೆಸರು. ಸೋಲ್ರುನ್ ಈಗ ರಿಮೋಟನ್ನೂ ಕೊರಳಿಗೆ ಕಟ್ಟಿಕೊಂಡಿದ್ದಾರೆ. ಹೋದ ವಾರ ಅದರ ಬ್ಯಾಟರಿಯೂ ಚಳಿಗೆ ಸೋತು, ಎರಡನ್ನೂ ಒಟ್ಟಿಗೆ ತಂದುಕೊಟ್ಟರು. ಯೋರುನ್ ರಿಮೋಟನ್ನು ಬಲಗಡೆಗೆ, ಫೋನನ್ನು ಎಡಗಡೆಗೆ ಸೇರಿಸಿ, ಎರಡೂ ಗವಸು ಬಿಚ್ಚಿಕೊಟ್ಟರು.

ಎರಡನೇ ಸಾರಿ ಹೊರಡುವ ಹೊತ್ತಾಗಿದೆ. ಬ್ಯಾಂಕಿನವರಂತೆ ನೆನಪಿಟ್ಟು ಒತ್ತೆ ಹಿಂದಿರುಗಿಸುವವರು ಕಡಿಮೆಯಂತೆ. ಫೋನು ಕೈಗೆ ಬಂದ ಖುಷಿಯಲ್ಲಿ ಗವಸಿನ ಸಮೇತ ಹೋಗಿಬಿಡುವವರೇ ಹೆಚ್ಚು. ರಾತ್ರಿ ಕೂತು ಮತ್ತೆ ಹೆಣೆಯುತ್ತಾರೆ, ಪ್ರತಿ ಸಲ ಹೊಸ ಜೋಡಿಯನ್ನೇ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಯೋರುನ್ ಹಗ್ಗದ ಕಡೆ ನಡೆಯುತ್ತಾರೆ.

"ಮನೇಲಿ ಬಲಗೈ ಗವಸು ರಾಶಿ ಬಿದ್ದಿದೆ. ತಗೊಂಡು ಹೋದೋರು ಎಡಗೈದು ತಂದುಕೊಟ್ರೆ ಸಾಕು" ಎನ್ನುತ್ತಾರೆ. ಆಮೇಲೆ ಹಗ್ಗ ಬಿಚ್ಚುತ್ತಾ, "ಫೋನು ಮಾತ್ರ ಅವತ್ತಿಂದ ಒಂದೂ ನನ್ನ ಹತ್ರ ಉಳೀಲಿಲ್ಲ ನೋಡು" ಎಂದು ಸೇರಿಸುತ್ತಾರೆ.